ಬರುವ ದಿನಕ್ಕೆ ಜಾಗವಿಲ್ಲದ ನಮೂನೆ

ದಕ್ಷಿಣ ದ್ವೀಪಗಳ ರಕ್ಷಣಾ ಸಹಕಾರ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮ ಪೈಜಿಮ ದ್ವೀಪದ ಮುನ್ನೂರ ಹದಿನಾಲ್ಕು ಜನಕ್ಕೆ ನೀವು ಹಂಚಿದ ಸ್ಥಳಾಂತರ ನಮೂನೆಯಲ್ಲಿ ಹೆಸರಿಗೆ ಜಾಗವಿದೆ, ವಯಸ್ಸಿಗೆ ಇದೆ, ರಕ್ತದ ಗುಂಪಿಗೆ ಇದೆ, ನುಂಗುವ ಮಾತ್ರೆಗಳಿಗೆ ಇದೆ, ಹೊರಡುವ ದಿನಕ್ಕೂ ಗಂಟೆಗೂ ಇದೆ. ಹಿಂತಿರುಗಿ ಬರುವ ದಿನಕ್ಕೆ ಮಾತ್ರ ಜಾಗವಿಲ್ಲ. ಇದನ್ನು ಓದುವವರು ನಮೂನೆಯಲ್ಲಿ ಒಂದು ಅಂಕಣ ಬಿಟ್ಟುಹೋದ ಮಾತ್ರಕ್ಕೆ ಪತ್ರಿಕೆಗೆ ಬರೆಯುವಷ್ಟು ಏನಾಯಿತು ಎನ್ನಬಹುದು. ನನ್ನ ದೊಡ್ಡಮ್ಮ ಕಮಾದೊ, ತೊಂಬತ್ತೊಂದು ವರ್ಷದವಳು, ಆರು ದಿನದಿಂದ ಎದುರಿನ ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಅವಳನ್ನು ಅಲ್ಲಿಗೆ ಒಯ್ದವರು ನೀವು. ಮನೆಗೆ ಕರೆತರುವವರು ಯಾರು ಎಂದು ಕೇಳಲು ಫೋನು ಮಾಡಿದರೆ ನಿಮ್ಮ ಕಚೇರಿಯಿಂದ ಸಂಗೀತ ಬರುತ್ತದೆ. ಒಳ್ಳೆಯ ಸಂಗೀತವೇ. ಆರು ದಿನ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ.

ಈ ಕಥೆಯಲ್ಲಿ ತಪ್ಪಿತಸ್ಥೆ ನಾನೂ ಹೌದು, ಆದ್ದರಿಂದ ನನ್ನ ಪರಿಚಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷದಿಂದ ಊರ ಕಚೇರಿಯ ಧ್ವನಿವರ್ಧಕದಲ್ಲಿ ಸೂಚನೆಗಳನ್ನು ಓದುವವಳು ನಾನು. ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ. ಇವತ್ತು ಹಡಗು ಉಂಟು, ಇವತ್ತು ಇಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವುದು ಶುರುವಾಗಿದೆ. ಯಾರದೋ ಮೇಕೆ ಶಾಲೆಯ ತೋಟಕ್ಕೆ ನುಗ್ಗಿದೆ, ಬಂದು ಎಳೆದುಕೊಂಡು ಹೋಗಿ. ಇಂಥ ಮನೆಯ ಇಂಥವರು ತೀರಿಕೊಂಡರು. ಮೊದಲು ದೇಶದ ಭಾಷೆಯಲ್ಲಿ ಓದುತ್ತೇನೆ, ಆಮೇಲೆ ಮುದುಕರಿಗೆಂದು ದ್ವೀಪದ ಮಾತಿನಲ್ಲಿ. ಊರಿನಲ್ಲಿ ಒಂಬತ್ತು ಕಂಬಗಳಿಗೆ ಒಂಬತ್ತು ಧ್ವನಿವರ್ಧಕಗಳಿವೆ. ದೂರದ ಕಂಬದ ದನಿ ಕೊಂಚ ತಡವಾಗಿ ತಲುಪುವುದರಿಂದ ನಾನು ಓದಿ ಮುಗಿಸಿ ಬಾಯಿ ಮುಚ್ಚಿದ ಮೇಲೂ ಕಬ್ಬಿನ ಗದ್ದೆಯ ಆಚೆ ನನ್ನದೇ ದನಿ ಮಾತು ಮುಂದುವರಿಸುತ್ತಿರುತ್ತದೆ. ಇಷ್ಟು ವರ್ಷ ಅದು ನನಗೆ ಲೆಕ್ಕಕ್ಕೇ ಇರಲಿಲ್ಲ. ಈಗ ಅದನ್ನು ಕೇಳಿದರೆ ಭಯವಾಗುತ್ತದೆ.

ನಮ್ಮಲ್ಲಿ ಮನೆ ಬಿಟ್ಟು ಹೊರಡುವವರು 'ಹೋಗ್ತೀನಿ' ಅನ್ನುವುದಿಲ್ಲ, 'ಹೋಗಿ ಬರ್ತೀನಿ' ಅನ್ನುತ್ತಾರೆ. ನಿಮ್ಮ ರಾಜಧಾನಿಯಲ್ಲೂ ಹಾಗೆಯೇ ಅನ್ನುತ್ತಾರೆ. ನಿಮ್ಮ ಮಕ್ಕಳೂ ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಇದನ್ನೇ ಕೂಗಿರುತ್ತಾರೆ. ನಿಮಗೆ ಅದು ಬಾಯಿಗೆ ಬಂದ ಅಭ್ಯಾಸ, ನಮಗೆ ಅದು ಕರಾರು. ದ್ವೀಪದ ಮಾತಿನಲ್ಲಿ 'ಹೋಗು' ಎಂಬುದು 'ಬಾ' ಎಂಬ ಜೊತೆಯಿಲ್ಲದೆ ಒಂಟಿಯಾಗಿ ಬರುವುದು ಎರಡೇ ಕಡೆ. ಒಂದು, ಸತ್ತವರ ವಿಷಯದಲ್ಲಿ. ಇನ್ನೊಂದು, ಯುದ್ಧದ ಕೊನೆಯ ವರ್ಷದ ವಿಷಯದಲ್ಲಿ. ಹಾಗಾಗಿ ನಾನು ಹಡಗಿನ ಸೂಚನೆಯನ್ನು ಕೂಡ 'ಹಡಗು ಎಂಟೂವರೆಗೆ ಹೋಗಿ ಬರುತ್ತದೆ' ಎಂದೇ ಓದುತ್ತಿದ್ದೆ. ಹೊರಗಿನಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ನಗುತ್ತಿದ್ದರು: "ಏನ್ರೀ ಶಿನೊಬು, ನಿಮ್ಮ ಹಡಗು ಹೋದ ಪುಟ್ಟ ಬಂದ ಪುಟ್ಟನಾ?" ನಾನೂ ನಕ್ಕು, "ಹೂಂ ಮೇಷ್ಟ್ರೇ, ಹೋದ ಪುಟ್ಟನ್ನ ಯಾರು ಕೇಳ್ತಾರೆ, ನಮಗೆ ಬಂದ ಪುಟ್ಟನೇ ಮುಖ್ಯ" ಅಂದಿದ್ದೆ.

ಯುದ್ಧದ ಆ ಕೊನೆಯ ವರ್ಷ ಏನಾಯಿತು ಎಂಬುದು ನಿಮ್ಮ ಕಡತಗಳಲ್ಲಿ ಎಲ್ಲೋ ಇರಬೇಕು. ಇದ್ದರೂ ಧೂಳು ಕೊಡವುವವರಿಲ್ಲ, ಆದ್ದರಿಂದ ಹೇಳುತ್ತೇನೆ. ಸೊಂಟಕ್ಕೆ ಕತ್ತಿ ಕಟ್ಟಿದ, ನಮ್ಮದೇ ದೇಶದ ಒಬ್ಬ ಸೇನಾಧಿಕಾರಿ ಬಂದ. ಶತ್ರು ಇಳಿಯಲಿದ್ದಾನೆ, ಎಲ್ಲರೂ ಎದುರು ದ್ವೀಪದ ಕಾಡಿಗೆ ಹೋಗಬೇಕು, ಹತ್ತು ದಿನದ ಮಾತು ಎಂದ. ಆ ಕಾಡಿನಲ್ಲಿ ಕೊಲ್ಲುವ ಚಳಿಜ್ವರವಿದೆ ಎಂಬುದು ತೊಟ್ಟಿಲ ಕೂಸಿಗೂ ಗೊತ್ತಿತ್ತು. ಹೊರಡುವ ಮೊದಲು ದನ, ಹಂದಿ, ಮೇಕೆ ಎಲ್ಲವನ್ನೂ ಕಡಿದುಹಾಕಬೇಕೆಂದು ಆಜ್ಞೆಯಾಯಿತು, ಶತ್ರುವಿನ ಬಾಯಿಗೆ ಬೀಳಬಾರದಂತೆ. ನನ್ನ ಅಜ್ಜ ತಾನೇ ಸಾಕಿದ ಎತ್ತನ್ನು ತಾನೇ ಕಡಿದ. ಮಾಂಸವನ್ನು ಸೈನಿಕರು ಒಣಗಿಸಿಕೊಂಡು ಹೋದರು. ದೋಣಿ ಹತ್ತುವಾಗ ಹತ್ತು ವರ್ಷದ ಕಮಾದೊ ಮನೆಯ ಕಡೆ ತಿರುಗಿ 'ಹೋಗಿ ಬರ್ತೀನಿ' ಎಂದು ಕೂಗಿದಳು. ಕತ್ತಿಯವನು, "ಬರೋ ಮಾತು ಆಡ್ಬೇಡ, ಅದು ಹೇಡಿಗಳ ಮಾತು" ಎಂದು ಗದರಿದ. ಅವಳು ಬಾಯಿ ಮುಚ್ಚಿದಳು. ಆ ಮನೆಯಿಂದ ಹೋದವರು ಒಂಬತ್ತು ಜನ. ಬಂದವರು ಮೂವರು: ನನ್ನ ಅಜ್ಜ, ಅಜ್ಜಿ, ಮತ್ತು ಆರು ಮಕ್ಕಳಲ್ಲಿ ಕಮಾದೊ ಒಬ್ಬಳೇ. ಮಿಕ್ಕ ಐದು ಮಕ್ಕಳು ಮತ್ತು ಅಜ್ಜನ ತಾಯಿ ಆ ಕಾಡಿನಲ್ಲೇ ಉಳಿದರು. ಎಲ್ಲಿ ಹೂತದ್ದು ಎಂಬುದು ಜ್ವರದಲ್ಲಿ ನಡುಗುತ್ತಿದ್ದ ಅಜ್ಜನಿಗೆ ನೆನಪಿರಲಿಲ್ಲ. ಮೂಳೆ ಕೂಡ ತರಲಾಗಲಿಲ್ಲ.

ಬಾಯಿ ತಪ್ಪದೆ 'ಬರ್ತೀನಿ' ಎಂದು ಪೂರ್ತಿ ಹೇಳಿದ್ದಕ್ಕೆ ತಾನೊಬ್ಬಳು ಬಂದೆ, ತಮ್ಮತಂಗಿಯರಿಗೆ ಹೇಳಿಸಲಿಲ್ಲವಲ್ಲ ಎಂದು ದೊಡ್ಡಮ್ಮ ಎಂಬತ್ತು ವರ್ಷ ಕೊರಗಿದ್ದಾಳೆ. ಮದುವೆಯಾಗಲಿಲ್ಲ. ಎದುರಿನ ದ್ವೀಪಕ್ಕೆ ಮತ್ತೆ ಕಾಲಿಡಲಿಲ್ಲ; ಹಲ್ಲು ನೋವು ಬಂದರೆ ಹಲ್ಲನ್ನೇ ಕೀಳಿಸಿಕೊಂಡಳು, ದಂತವೈದ್ಯರಿರುವ ಆ ದಡಕ್ಕೆ ಹೋಗಲಿಲ್ಲ. ಯುದ್ಧ ಮುಗಿದ ಮೂರನೆಯ ವರ್ಷ ನನ್ನ ಅಮ್ಮ ಹುಟ್ಟಿದಾಗ, ಕಾಡಿನಲ್ಲಿ ಉಳಿದ ಐವರಲ್ಲಿ ಕಿರಿಯವಳ ಹೆಸರನ್ನೇ ಅವಳಿಗಿಟ್ಟರು, ಮಿತ್ಸು ಎಂದು. ಸತ್ತವರ ಹೊಸವರ್ಷ ನಮ್ಮಲ್ಲಿ ಚಾಂದ್ರಮಾನದ ಮೊದಲ ತಿಂಗಳ ಹದಿನಾರಕ್ಕೆ. ಅಂದು ಮನೆತನದವರೆಲ್ಲ ಕೊನೆಗೆ ಸೇರುವ, ಮನೆಯಂಥದೇ ಕಲ್ಲಿನ ಗೋರಿಯ ಅಂಗಳದಲ್ಲಿ ಚಾಪೆ ಹಾಸಿ, ಪೆಟ್ಟಿಗೆ ಪೆಟ್ಟಿಗೆ ಊಟ ಹರಡಿ, ಅಜ್ಜಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆಯುತ್ತಿದ್ದಳು. 'ಮಿತ್ಸೂ' ಎಂದಾಗ ನನ್ನ ಅಮ್ಮ ತಡೆಯಲಾರದೆ 'ಊಂ' ಎಂದುಬಿಡುತ್ತಿದ್ದಳು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅಮ್ಮ ತೀರಿಕೊಂಡು ಹನ್ನೆರಡು ವರ್ಷವಾಯಿತು. ಈಗ ಆ ಹೆಸರು ಕರೆಯುವಾಗ ಇಬ್ಬರಲ್ಲಿ ಯಾರು ಓಗೊಡುತ್ತಿದ್ದಾರೋ ನನಗೆ ತಿಳಿಯದು.

ಇಂಥ ಊರಿಗೆ ಕಳೆದ ತಿಂಗಳು ನಿಮ್ಮ ತಿಳಿವಳಿಕೆ ಸಭೆ ಬಂತು. ಸಮುದಾಯ ಭವನದ ತುಂಬ ಮಡಚುವ ಕುರ್ಚಿಗಳು, ಪರದೆಯ ಮೇಲೆ ಬಣ್ಣದ ಬಾಣಗಳು. ಪ್ರದೇಶದ ನೆರೆಯ ದೇಶಗಳೆಲ್ಲ ರಕ್ಷಣೆಯಲ್ಲಿ ಕೈಜೋಡಿಸುತ್ತಿವೆ ಎಂದು ನಿಮ್ಮ ಕಿರಿಯ ಅಧಿಕಾರಿ ವಿವರಿಸಿದರು. ದಕ್ಷಿಣದವರ ಹಡಗು ನಮ್ಮ ಬಂದರಿಗೆ, ನಮ್ಮ ಹಡಗು ಅವರ ಬಂದರಿಗೆ. ಜಂಟಿ ತಾಲೀಮು, ಜಂಟಿ ಗಸ್ತು, ಒಬ್ಬರ ಇಂಧನ ಇನ್ನೊಬ್ಬರಿಗೆ. 'ಸಮಾನಮನಸ್ಕ ನೆರೆಹೊರೆ' ಎಂಬ ಮಾತನ್ನು ಅವರು ಹದಿನೇಳು ಸಲ ಹೇಳಿದರು. ಹಿಂದಿನ ಸಾಲಿನಲ್ಲಿ ಕೂತ ನನ್ನ ಗಂಡ ಗೆಂಪೆ ಬೆರಳು ಮಡಚಿ ಎಣಿಸಿದ್ದಾನೆ. ಕೊನೆಗೆ, ಪರಿಸ್ಥಿತಿ ಬಿಗಡಾಯಿಸಿದರೆ ದ್ವೀಪದ ಜನರನ್ನೆಲ್ಲ ದೂರದ ಉತ್ತರದ ಬೆಟ್ಟದೂರೊಂದಕ್ಕೆ ಸಾಗಿಸಲಾಗುವುದು ಎಂದು ನಮೂನೆ ಹಂಚಿದರು. ತಲೆಗೊಂದು ಚೀಲ, ಏಳು ಕಿಲೋ ಮೀರಬಾರದು. ಸಾಕುಪ್ರಾಣಿ ತರುವಂತಿಲ್ಲ. ಮುಂದಿನ ಸಾಲಿನಲ್ಲಿದ್ದ ದೊಡ್ಡಮ್ಮ ಕೈ ಎತ್ತಿದಳು.

"ಸ್ವಾಮೀ, ಹೋಗೋದು ಗೊತ್ತಾಯ್ತು. ಬರೋದು ಯಾವಾಗ?"

"ಅದು ಪರಿಸ್ಥಿತಿ ನೋಡ್ಕೊಂಡು ಅಜ್ಜಿ."

"ಪರಿಸ್ಥಿತಿ ನೋಡೋರು ಯಾರು?"

"ಸಂಬಂಧಪಟ್ಟವರು ನೋಡ್ತಾರೆ."

"ಆವಾಗ್ಲೂ ಅವ್ರೇ ನೋಡಿದ್ದು ಕಣಪ್ಪಾ. ನನ್ನ ಮೇಕೆಗಳನ್ನ ಏನ್ ಮಾಡ್ಲಿ?"

"ಪ್ರಾಣಿಗಳ ವಿಚಾರ ಇನ್ನೂ ಪರಿಶೀಲನೇಲಿದೆ ಅಜ್ಜಿ."

"ಪರಿಶೀಲನೆ ಮುಗಿಯೋ ಹೊತ್ಗೆ ಅವು ಸಾರಾಗಿರ್ತಾವೆ ಬಿಡು."

ಜನ ನಕ್ಕರು. ನಿಮ್ಮ ಅಧಿಕಾರಿಯೂ ನಕ್ಕರು, ಪಾಪ, ಒಳ್ಳೆಯ ಹುಡುಗ. ದೊಡ್ಡಮ್ಮ ನಗಲಿಲ್ಲ. ನಮೂನೆಯನ್ನು ನಾಲ್ಕು ಮಡಿಕೆ ಮಾಡಿ ಎದೆಯೊಳಗಿಟ್ಟುಕೊಂಡು, ಬರೋ ದಿನ ಬರೆದು ತನ್ನಿ, ಆಮೇಲೆ ಹೆಬ್ಬೆಟ್ಟು ಒತ್ತುತ್ತೇನೆ ಎಂದು ಎದ್ದು ಹೋದಳು. ಅವಳಿಗೆ ಓದು ಬರಹ ಚೆನ್ನಾಗಿ ಬರುತ್ತದೆ. ಹೆಬ್ಬೆಟ್ಟು ಎಂದದ್ದು ನಿಮಗೆ ಚುಚ್ಚಲು.

ಇನ್ನು ನನ್ನ ತಪ್ಪಿನ ವಿಷಯ. ಜಂಟಿ ಅಭ್ಯಾಸದ ಎರಡನೆಯ ದಿನ, ಕಳೆದ ಗುರುವಾರ ಬೆಳಿಗ್ಗೆ, ನಿವಾಸಿಗಳ ಸ್ಥಳಾಂತರದ ಅಣಕು ಕಾರ್ಯಾಚರಣೆ ಎಂದು ನಿಗದಿಯಾಗಿತ್ತು. ನಾನು ಓದಬೇಕಾದ ಸೂಚನೆಯನ್ನು ನಿಮ್ಮ ಕಚೇರಿಯೇ ಬರೆದು ಕಳುಹಿಸಿತ್ತು. ನೈಜತೆ ಕೆಡಬಾರದೆಂದು 'ಅಣಕು' ಎಂಬ ಪದ ಆರಂಭದಲ್ಲಿ ಒಂದೇ ಒಂದು ಸಲ. ಆಮೇಲೆ 'ಎಲ್ಲರೂ ಹೋಗಬೇಕು' ಎಂಬ ಸಾಲು ಮೂರು ಸಲ. ಸಭೆಗೆ ಬಂದಿದ್ದ ಅದೇ ಕಿರಿಯ ಅಧಿಕಾರಿ ಕೈಯಲ್ಲಿ ಗಡಿಯಾರ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದರು. ದ್ವೀಪದ ಮಾತಿನಲ್ಲಿ ಓದುವಾಗ 'ಹೋಗಿ ಬರಬೇಕು' ಎನ್ನಬೇಕಾಗುತ್ತದೆ ಎಂದೆ.

"ಮೇಡಂ, ದಯವಿಟ್ಟು ಒಂದಕ್ಷರ ಸೇರಿಸ್ಬೇಡಿ. ಬರೋ ಭಾಗ ಈ ಅಭ್ಯಾಸದಲ್ಲಿ ಇಲ್ಲ."

"ಇಲ್ಲದಿದ್ರೂ ನಮ್ಮ ಕಡೆ ಹಾಗನ್ನೋದು ಪದ್ಧತಿ."

"ಸಮಯ ಆಗ್ತಿದೆ ಮೇಡಂ."

ನಾನು ಓದಿದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಮುದುಕರ ಮಾತಿನಲ್ಲಿ, ಮುದುಕರ ಕಿವಿಗೆ, 'ಎಲ್ಲರೂ ಹೋಗಬೇಕು' ಎಂದು. ಮೂರು ಸಲ. ಗಡಿಯಾರಕ್ಕೆ ಹೆದರಿದೆನೋ, ಮೇಡಂ ಅಂದದ್ದಕ್ಕೆ ಉಬ್ಬಿದೆನೋ, ಇಂದಿಗೂ ನನಗೆ ಗೊತ್ತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಬೆಳಿಗ್ಗೆ ನಾನು ಬಾಯಿ ಮುಚ್ಚಿದ ಮೇಲೂ ಕಬ್ಬಿನ ಗದ್ದೆಯಾಚೆಯ ಕಂಬ 'ಹೋಗಬೇಕು' ಎನ್ನುತ್ತಿತ್ತು.

ಅರ್ಧ ಗಂಟೆಯಲ್ಲಿ ಬಂದರಿನಲ್ಲಿ ಹಡಗು ಕಟ್ಟುವ ಧಕ್ಕೆಯ ಮೇಲೆ ಹನ್ನೊಂದು ಜನ ಮುದುಕ ಮುದುಕಿಯರು ಸೇರಿದ್ದರು. ನಿಮ್ಮವರು ಕೊಟ್ಟ ಕಿತ್ತಳೆ ಬಣ್ಣದ ಚೀಲ ಯಾರ ಕೈಯಲ್ಲೂ ಇರಲಿಲ್ಲ. ಬಟ್ಟೆಯ ಗಂಟು ಇತ್ತು, ಅದರೊಳಗೆ ಅಕ್ಕಿ, ಪಿತೃಗಳ ಹೆಸರು ಬರೆದ ಮರದ ಹಲಗೆಗಳು. ಹಿರಿಯ ನಾಗರಿಕರ ಪಾಲ್ಗೊಳ್ಳುವಿಕೆ ನಿರೀಕ್ಷೆಗೂ ಮೀರಿದೆ ಎಂದು ನಿಮ್ಮವರು ಫೋಟೋ ತೆಗೆದುಕೊಂಡರು. ಆ ಚಿತ್ರ ನಿಮ್ಮ ಜಾಲತಾಣದಲ್ಲಿದೆ. ಮುಖಗಳನ್ನು ಒಮ್ಮೆ ಸರಿಯಾಗಿ ನೋಡಿ. ದೊಡ್ಡಮ್ಮ ಅವರಲ್ಲಿ ಇರಲಿಲ್ಲ. ಅವಳ ಮನೆಗೆ ಓಡಿದೆ. ಬಾಗಿಲು ತೆರೆದಿತ್ತು, ಮೇಕೆಗಳಿಗೆ ನೀರು ಬಿಡುವ ನಲ್ಲಿ ತೊಟ್ಟಿಕ್ಕುತ್ತಿತ್ತು. ನಾಲ್ಕು ಮೇಕೆಗಳೂ ಕೊರಳಲ್ಲಿ ಕತ್ತರಿಸಿದ ಹಗ್ಗ ನೇತಾಡಿಸಿಕೊಂಡು ದಾರಿಯಲ್ಲಿ ಅಲೆಯುತ್ತಿದ್ದವು. ಈ ಸಲ ಕಡಿಯಲಿಲ್ಲ, ಬಿಟ್ಟುಬಿಟ್ಟಿದ್ದಳು.

ಅವಳು ಸಿಕ್ಕಿದ್ದು ಮಧ್ಯಾಹ್ನ, ನಮ್ಮ ಮನೆತನದ ಗೋರಿಯ ಅಂಗಳದಲ್ಲಿ. ತುಂತುರು ಮಳೆ, ಕಡಲಿನಿಂದ ಕೊರೆಯುವ ಗಾಳಿ. ಅಂಗಳ ಗುಡಿಸಿದ್ದಳು. ಗೋರಿಯ ಕಲ್ಲುಬಾಗಿಲಿಗೆ ಬೆನ್ನು ಕೊಟ್ಟು, ತೊಯ್ದು ತೊಪ್ಪೆಯಾಗಿ ಕುಳಿತಿದ್ದಳು. ಮೈ ಕೆಂಡದ ಹಾಗೆ ಸುಡುತ್ತಿತ್ತು.

"ದೊಡ್ಡಮ್ಮಾ, ಏಳು. ಅದು ಸುಳ್ಳು ಸೂಚನೆ, ಬರೀ ಅಭ್ಯಾಸಕ್ಕೆ ಹೇಳಿದ್ದು."

"ಸುಳ್ಳಾ? ನಿನ್ನ ದನೀಲೇ ಬಂತಲ್ಲೇ. ಬೇರೆಯೋರು ಹೇಳಿದ್ರೆ ನಾನ್ಯಾಕ್ ನಂಬ್ತಿದ್ದೆ?"

"ತಪ್ಪಾಯ್ತು. ಮನೆಗೆ ಹೋಗೋಣ ಏಳು."

"ನನ್ನ ಆ ಕಡೆಗೆ ಕಳಿಸ್ಬೇಡ ಶಿನೊಬು. ಈ ಕಲ್ಲು ಸರ್ಸು, ಒಳಗೆ ಹೋಗ್ತೀನಿ. ಹೆಂಗೂ ನಂದೇ ಮನೆ."

ಹೋಗ್ತೀನಿ ಅಂದಳು. ನನ್ನ ಐವತ್ತೇಳು ವರ್ಷದಲ್ಲಿ ಅವಳ ಬಾಯಿಂದ ಆ ಪದ ಒಂಟಿಯಾ‌ಗಿ ಬಂದದ್ದನ್ನು ನಾನು ಕೇಳಿರಲಿಲ್ಲ. ನಾನು ಅಲ್ಲೇ ಕೆಸರಿನಲ್ಲಿ ಕುಳಿತು ಅತ್ತೆ.

ಗೆಂಪೆ ಅವಳನ್ನು ಬೆನ್ನ ಮೇಲೆ ಹೊತ್ತು ತಂದ. ನ್ಯುಮೋನಿಯ ಎಂದಳು ಊರಿನ ನರ್ಸು. ಅಭ್ಯಾಸಕ್ಕೆಂದು ನಿಮ್ಮ ಹೆಲಿಕಾಪ್ಟರ್ ಶಾಲೆಯ ಮೈದಾನದಲ್ಲಿ ಸಿದ್ಧವಾಗಿಯೇ ಇತ್ತು, ಏರಿಸಿಕೊಂಡು ಹೊರಟೇಬಿಟ್ಟರು. ಅದರಿಂದ ಅವಳ ಜೀವ ಉಳಿದದ್ದು ನಿಜ, ಅದಕ್ಕೆ ನಾನು ಕೃತಜ್ಞಳು. ಉಪಕಾರ ಮರೆಯುವವಳು ನಾನಲ್ಲ. ಜೊತೆಗೆ ಬರುತ್ತೇನೆಂದರೆ ನನಗೆ ಜಾಗವಿಲ್ಲ ಎಂದರು. ಮರುದಿನ ನಿಮ್ಮ ಪ್ರಕಟಣೆ ಬಂತು: 'ಅಭ್ಯಾಸದ ನಡುವೆಯೇ ಒಬ್ಬ ವಯೋವೃದ್ಧ ನಿವಾಸಿಯ ನೈಜ ಸ್ಥಳಾಂತರವನ್ನು ನಲವತ್ತೊಂದು ನಿಮಿಷದಲ್ಲಿ ಯಶಸ್ವಿಯಾಗಿ ಪೂರೈಸಲಾಯಿತು.' ಎಂಬತ್ತು ವರ್ಷ ಅವಳು ಯಾವ ದಡವನ್ನು ತುಳಿಯದೆ ಬದುಕಿದಳೋ ಅಲ್ಲಿಗೆ ಅವಳನ್ನು ತಲುಪಿಸಲು ನಿಮಗೆ ನಲವತ್ತೊಂದು ನಿಮಿಷ ಸಾಕಾಯಿತು. ವಾಪಸ್ ಕಳುಹಿಸುವ ಬಗ್ಗೆ ವಿಚಾರಿಸಿದಾಗ, ಹಿಂಪ್ರಯಾಣ ಕುಟುಂಬದ ಹೊಣೆ, ಹಡಗಿನಲ್ಲಿ ಕರೆತನ್ನಿ ಎಂದರು. ಹಡಗು ಎಲ್ಲಿದೆ ಸ್ವಾಮಿ? ನಮ್ಮ ದ್ವೀಪಕ್ಕಿರುವುದು ಒಂದೇ ಧಕ್ಕೆ. ಅಲ್ಲಿ ಸಮಾನಮನಸ್ಕರ ಹಡಗುಗಳು ನಿಂತಿವೆ. ಅಭ್ಯಾಸ ಮುಗಿಯುವ ಮುಂದಿನ ಮಂಗಳವಾರದವರೆಗೆ ಊರಿನ ಹಡಗು ರದ್ದು, ಮೀನು ದೋಣಿಗಳಿಗೆ ಕಡಲು ನಿಷಿದ್ಧ. ಈ ಸೂಚನೆಯನ್ನು ಓದಿದವಳೂ ನಾನೇ.

ನೆರೆಯ ದೇಶಗಳು ಒಂದಾಗಬಾರದೆಂದು ಹೇಳುವಷ್ಟು ದಡ್ಡಿ ನಾನಲ್ಲ. ನಮ್ಮ ಅಂಗಳದಿಂದಲೇ ದಿಗಂತದಲ್ಲಿ ಯಾರ್ಯಾರದೋ ಬೂದು ಹಡಗುಗಳು ಕಾಣುತ್ತವೆ. ಗೆಂಪೆ ಬಲೆ ಬಿಟ್ಟು ಓಡಿಬಂದ ದಿನಗಳೂ ಇವೆ. ಕಷ್ಟಕಾಲಕ್ಕೆ ನೆರೆಯವರು ಬೇಕು. ಆದರೆ ನೆರೆಮನೆಗಳೆಲ್ಲ ಒಗ್ಗಟ್ಟಾದವೆಂದರೆ ಮೊದಲು ಖಾಲಿ ಮಾಡಬೇಕಾದದ್ದು ನಮ್ಮ ಮನೆಯೇ ಏಕೆ? ನೀವು ಹೆಮ್ಮೆಯಿಂದ ಪ್ರಕಟಿಸಿದ ಸಹಕಾರ ಒಪ್ಪಂದವನ್ನು ನಾನು ಪೂರ್ತಿ ಓದಿದ್ದೇನೆ, ಓದುವುದೇ ನನ್ನ ಕಸುಬು. ಅದರಲ್ಲಿ ಬಂದ ಸೈನಿಕ ಎಂದು ಹಿಂತಿರುಗಬೇಕು ಎಂದಿದೆ. ತಂದ ಲಾರಿ ಹಿಂದಕ್ಕೆ ಹೋಗಬೇಕು, ಬಳಸದ ಗುಂಡು ಹಿಂದಕ್ಕೆ ಹೋಗಬೇಕು, ಡೇರೆಯ ಗೂಟ ಕೂಡ ಎಣಿಸಿ ಹಿಂದಕ್ಕೆ ಹೋಗಬೇಕು. ಒಂದು ಗೂಟಕ್ಕೆ ಇರುವ ಮನೆಗೆ ಮರಳುವ ಹಕ್ಕು ತೊಂಬತ್ತೊಂದು ವರ್ಷದ ಹೆಂಗಸಿಗೆ ಯಾವ ಕಲಮಿನಲ್ಲಿದೆ ಎಂದು ದಯವಿಟ್ಟು ತೋರಿಸಿ.

ಸೋಮವಾರ ನಮ್ಮ ಬಾಗಿಲಿಗೆ ನಿಮ್ಮ ಸಮಾನಮನಸ್ಕರಲ್ಲೊಬ್ಬ ಬಂದ. ರೋಡೆಲ್ ಎಂದು ಹೆಸರು, ಫಿಲಿಪ್ಪೀನ್ಸ್ ಹಡಗಿನ ಅಡುಗೆಯವನು, ನಲವತ್ತು ದಾಟಿದೆ. ಹಿಂದೆ ನಮ್ಮ ದೇಶದ ಹೋಟೆಲಿನಲ್ಲಿ ಪಾತ್ರೆ ತೊಳೆದವನಂತೆ, ನಮ್ಮ ಭಾಷೆ ಅಲ್ಪಸ್ವಲ್ಪ ಬರುತ್ತದೆ. ನಮ್ಮ ಹಿತ್ತಲಲ್ಲಿ ಕಟ್ಟಿದ್ದ ದೊಡ್ಡಮ್ಮನ ಮೇಕೆಗಳ ಮೇಲೆ ಅವನ ಕಣ್ಣು ಬಿದ್ದಿತ್ತು.

"ಅಕ್ಕಾ, ಒಂದು ಮೇಕೆ ಕೊಡ್ತೀರಾ? ಹುಡುಗ್ರು ಡಬ್ಬಿ ಊಟ ತಿಂದು ಬೇಜಾರಾಗಿದ್ದಾರೆ."

"ಅವುಗಳ ಯಜಮಾನಿ ಊರಲ್ಲಿಲ್ಲಪ್ಪ."

"ಯಾವಾಗ ಬರ್ತಾರೆ?"

"ನಿಮ್ಮ ಹಡಗು ಜಾಗ ಬಿಟ್ಟಾಗ."

ಅವನಿಗೆ ಎಲ್ಲವನ್ನೂ ಹೇಳಿದೆ. ಎಷ್ಟು ಅರ್ಥವಾಯಿತೋ, ಅವನು ಜಗುಲಿಯ ಅಂಚಿನಲ್ಲಿ ಕುಳಿತು ಟೋಪಿ ತೆಗೆದ. ತನ್ನದೂ ತನ್ನ ದೇಶದ ತುತ್ತತುದಿಯ ಪುಟ್ಟ ದ್ವೀಪ ಎಂದ. "ಹೋದ ವರ್ಷ ನಿಮ್ಮ ಸೈನ್ಯದ ಹುಡುಗ್ರು ನಮ್ಮೂರಲ್ಲಿ ಇಳಿದಿದ್ರು ಅಕ್ಕಾ. ಒಳ್ಳೇ ಹುಡುಗ್ರು. ನಮ್ಮಮ್ಮ ಮಾಡಿದ್ದನ್ನ ಹೊಟ್ಟೆ ತುಂಬ ತಿಂದ್ರು. ಅವ್ರು ಹೋದ್ಮೇಲೆ ಅಮ್ಮ ಕೇಳಿದ್ಲು, ಇಷ್ಟೊಂದ್ ಜನ ನಮ್ಮನ್ನ ಕಾಯೋಕೆ ಬರ್ತಾ ಇದಾರೆ ಅಂದ್ರೆ ನಾವೆಲ್ಲಿಗೆ ಹೋಗ್ಬೇಕಾಗುತ್ತೆ ಅಂತ."

"ನೀನೇನಂದೆ?"

"ಗೊತ್ತಿಲ್ಲ ಅಂದೆ. ಸಾರು ಕುದಿಸೋನಿಗೆ ಏನ್ ಗೊತ್ತಿರುತ್ತೆ?"

ಮೇಕೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಹೋಗುವಾಗ ಜೇಬಿನಿಂದ ಒಣಗಿಸಿದ ಮಾವಿನಹಣ್ಣಿನ ಪೊಟ್ಟಣ ತೆಗೆದು, ನಿಮ್ಮ ದೊಡ್ಡಮ್ಮನಿಗೆ ಕೊಡಿ ಎಂದು ಇಟ್ಟುಹೋದ. ಮಾನ್ಯರೇ, ನೀವು ಹೇಳುವ ಸಮಾನ ಮನಸ್ಸು ಎಂಬುದನ್ನು ನಾನು ನೋಡಿದ್ದು ಅದೊಂದೇ ಸಲ.

ನಿನ್ನೆ ಆಸ್ಪತ್ರೆಯ ನರ್ಸು ಫೋನನ್ನು ದೊಡ್ಡಮ್ಮನ ಕಿವಿಗೆ ಹಿಡಿದಳು. ದನಿ ಬಹಳ ಸಣ್ಣದಾಗಿದೆ.

"ಶಿನೊಬು, ಇಲ್ಲಿ ಕಿಟಕಿ ತುಂಬ ಕಾಡು."

"ಪರದೆ ಎಳೆಸ್ಲಾ ದೊಡ್ಡಮ್ಮಾ?"

"ಬೇಡ ಬೇಡ. ಎಳೆದ್ರೆ ನಾನೆಲ್ಲಿದ್ದೀನಿ ಅಂತ ಅವಕ್ಕೆ ಗೊತ್ತಾಗಲ್ಲ."

"ಯಾವಕ್ಕೆ?"

"ಇನ್ಯಾವಕ್ಕೆ, ಐದಕ್ಕೂ. ಇಷ್ಟು ವರ್ಷ ಆದ್ರೂ ಒಂದಿಂಚೂ ಬೆಳೆದಿಲ್ಲ ನೋಡು. ಕಿಟಕಿ ಹತ್ರಾನೇ ನಿಂತಿದಾವೆ, ಒಳಗೆ ಬರಕ್ಕೆ ನಾಚಿಕೆ. ಮಿತ್ಸು ಮಾತ್ರ ಅಳ್ತಾಳೆ."

ಉಸಿರು ಎಳೆದುಕೊಂಡು ಅವಳೇ ಮುಂದುವರಿಸಿದಳು.

"ಹದಿನಾರರ ಒಳಗೆ ನನ್ನ ಕರ್ಕೊಂಡ್ ಹೋಗು. ಈ ಸಲ ಇವನ್ನೆಲ್ಲ ಬಾಯ್ತುಂಬ ಹೇಳ್ಸಿ, ಕೈ ಹಿಡ್ಕೊಂಡೇ ಬರ್ತೀನಿ. ಗೆಂಪೆ ದೋಣೀಲಿ ಜಾಗ ಇದ್ಯಾ?"

"ಇದೆ."

"ನಮ್ಮಪ್ಪನ ಅಮ್ಮ, ಅಜ್ಜಿ, ಬರಲ್ವಂತೆ, ಕಾಡಲ್ಲೇ ಇರ್ತಾಳಂತೆ. ದೋಣಿ ಅಂದ್ರೆ ಅವಳಿಗೆ ಮೊದ್ಲಿಂದ್ಲೂ ವಾಂತಿ."

ಆಮೇಲೆ ವೈದ್ಯರು ಫೋನು ತೆಗೆದುಕೊಂಡರು. ಆಕೆಗೆ ಪ್ರಯಾಣ ಒಳ್ಳೆಯದಲ್ಲ ಎಂದರು. ಮಂಗಳವಾರದವರೆಗೆ ಕಾದರೆ ಎಂದು ಕೇಳಿದೆ. ಅಲ್ಲಿಯವರೆಗೆ ಉಳಿಯುತ್ತಾರೆಂದು ಮಾತು ಕೊಡಲಾರೆ, ಕೊನೆಗಾಲಕ್ಕೆ ಮನೆಯಲ್ಲೇ ಇರಬೇಕೆಂಬುದು ಅವರ ಆಸೆಯಾದರೆ ಈಗಲೇ ಯೋಚಿಸಿ ಎಂದರು. ನಿಮ್ಮ ಪಂಚಾಂಗದಲ್ಲಿ ಎಲ್ಲ ಶನಿವಾರಗಳಂತೆಯೇ ಇರುವ ಈ ಶನಿವಾರವೇ ನಮ್ಮ ಸತ್ತವರ ಹೊಸವರ್ಷ. ದೊಡ್ಡಮ್ಮ ಆ ಕಾಡಿನ ಮುಂದೆ ಸತ್ತರೆ ಅಲ್ಲಿ ಉಳಿದವರ ಸಂಖ್ಯೆಗೆ ಇನ್ನೊಂದು ಸೇರುತ್ತದೆ. ಅವಳನ್ನು ಅಲ್ಲಿಗೆ ಕಳುಹಿಸಿದ ಕತ್ತಿಯವನ ಜೊತೆಗೆ ನನ್ನ ದನಿಯ ಹೆಸರನ್ನೂ ಸೇರಿಸಬೇಕಾಗುತ್ತದೆ. ಅದನ್ನು ಹೊತ್ತುಕೊಂಡು ನಾನು ಬದುಕಲಾರೆ.

ಆದ್ದರಿಂದ ನನ್ನ ಬೇಡಿಕೆ. ನಿಮ್ಮ ನಮೂನೆಯನ್ನು ಹಿಂದಕ್ಕೆ ತೆಗೆದುಕೊಂಡು, ಹೊರಡುವ ದಿನದ ಪಕ್ಕದಲ್ಲೇ ಬರುವ ದಿನಕ್ಕೂ ಜಾಗ ಮಾಡಿ. ಅದನ್ನು ತುಂಬಿ, ಕೆಳಗೆ ನೀವೇ ಸಹಿ ಹಾಕಿ; 'ಸಂಬಂಧಪಟ್ಟವರು' ಎಂದು ಬರೆದರೆ ನಡೆಯುವುದಿಲ್ಲ, ಅಪ್ಪ ಅಮ್ಮ ಇಟ್ಟ ಹೆಸರು ಬೇಕು. ಅಲ್ಲಿಯವರೆಗೆ ಅದಕ್ಕೆ ಸಂಬಂಧಿಸಿದ ಒಂದೇ ಒಂದು ಸೂಚನೆಯನ್ನೂ ನಾನು ಓದುವುದಿಲ್ಲ. ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ.

ಇದಕ್ಕಿಂತ ತುರ್ತಾದದ್ದು ಇನ್ನೊಂದಿದೆ. ಈ ಪತ್ರ ಗುರುವಾರದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಮರುದಿನ, ಶುಕ್ರವಾರ ಬೆಳಿಗ್ಗೆ ಆರಕ್ಕೆ, ನಾನೂ ಗೆಂಪೆಯೂ ಅವನ ಮೀನು ದೋಣಿಯಲ್ಲಿ ಹೊರಡುತ್ತೇವೆ. ನಿಮ್ಮ ನಿಷೇಧಿತ ಕಡಲನ್ನು ದಾಟಿ ಎದುರಿನ ದಡದಿಂದ ದೊಡ್ಡಮ್ಮನನ್ನು ಹತ್ತಿಸಿಕೊಂಡು ಹತ್ತು ಗಂಟೆಯ ಹೊತ್ತಿಗೆ ಮರಳುತ್ತೇವೆ. ನಿಮ್ಮ ಧಕ್ಕೆ ನಮಗೆ ಬೇಡ, ಹಳೆಯ ಮೀನುಗಾರರ ಮರಳದಂಡೆ ಸಾಕು. ದೋಣಿ ಬಿಳಿ, ಅಂಚಿಗೆ ಹಸಿರು ಪಟ್ಟೆ. ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಒಂದು ಹಡಗಿನ ರೇಡಾರ್ ಕಂಡದ್ದು ಕಣ್ಣು ಮಿಟುಕಿಸುವುದರೊಳಗೆ ಅಭ್ಯಾಸದಲ್ಲಿರುವ ಮೂರು ದೇಶಗಳ ಹಡಗುಗಳಿಗೂ ತಿಳಿಯುತ್ತದೆ ಎಂದು ನಿಮ್ಮ ಕೈಪಿಡಿಯಲ್ಲಿ ಬರೆದಿದ್ದೀರಿ. ಸಂತೋಷ. ಹಾಗಾದರೆ ಇದೊಂದನ್ನೂ ತಿಳಿಸಿಬಿಡಿ, ನಿಮ್ಮವರಿಗೂ ಅವರಿಗೂ, ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ: ಆ ಚುಕ್ಕೆ ಶತ್ರುವಿನದಲ್ಲ, ಮನೆಗೆ ಬರುತ್ತಿರುವವರದು.

ದೋಣಿಯಲ್ಲಿ ಎಷ್ಟು ಜನರಿದ್ದೀರಿ ಎಂದು ನಿಮ್ಮವರು ರೇಡಿಯೊದಲ್ಲಿ ಕೇಳಿಯೇ ಕೇಳುತ್ತಾರೆ. ಎಂಟು ಎನ್ನುತ್ತೇನೆ. ದುರ್ಬೀನಿನಲ್ಲಿ ಮೂವರೇ ಕಂಡರೆ ಮತ್ತೆ ಎಣಿಸುತ್ತ ನಿಲ್ಲಬೇಡಿ, ದಾರಿ ಬಿಡಿ. ಮಕ್ಕಳಿಗೆ ಚಳಿಯಾಗುತ್ತದೆ.

ಇಂತಿ,
ನೀವು ಬರೆದುಕೊಟ್ಟದ್ದನ್ನು ಬರೆದ ಹಾಗೆಯೇ ಓದಿ ಕೆಟ್ಟವಳು,
ಅರಾತಾಕೆ ಶಿನೊಬು
ಧ್ವನಿವರ್ಧಕ ವಿಭಾಗ, ಪೈಜಿಮ ಊರ ಕಚೇರಿ (ಗುರುವಾರದವರೆಗಾದರೂ)